ಕ್ರಿಸ್‌ಮಸ್ ಬಿಟ್ಟ ಭಕ್ತರು

ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ ನಾನು ಇಳಿದುಕೊಂಡಿದ್ದು ಮಂಗಳೂರಿನ ನರ್ಸ್ ಐರಿನ್ ಅವರ ಮನೆಯಲ್ಲಿ. ಕ್ರಿಸ್‌ಮಸ್‌ಗೆಂದು ಅವರು ಕಿಡಿಯೊ ಎಂಬ ಸಿಹಿತಿಂಡಿ ಕರಿಯುತ್ತಿದ್ದರು. ಪಕ್ಕದಲ್ಲಿ ಮಗಳು ಶಾಲೆಯ ಪಾಠಕ್ಕಾಗಿ, ಹಿಂದೆ ಅಮೆರಿಕಕ್ಕೆ ವಲಸೆ ಹೋದ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರ ಬರಹ ಓದುತ್ತಿದ್ದಳು.

“ಅಂಕಲ್, ಇವರು ಕ್ರಿಸ್‌ಮಸ್ಸೇ ಬ್ಯಾನ್ ಮಾಡಿದ್ರು! ಬೈಬಲ್‌ನಲ್ಲಿ ಆ ಹಬ್ಬ ಇಲ್ಲ ಅಂತ. ಅವತ್ತೂ ಕೆಲಸ ಮಾಡ್ಬೇಕಿತ್ತು.”

ಭಕ್ತಿ ಹೆಚ್ಚಾಗಿ ದೇವರ ಹುಟ್ಟುಹಬ್ಬವನ್ನೇ ಬಿಟ್ಟರೇ? ನನಗೆ ತಲೆಬುಡ ತಿಳಿಯಲಿಲ್ಲ. ಕ್ರಿಸ್‌ಮಸ್ ಇಲ್ಲದ ಕ್ರೈಸ್ತರನ್ನು ನಾನು ಕೇಳಿಯೇ ಇರಲಿಲ್ಲ.

“ಅವ್ರು ಎಂತ ಕ್ರಿಶ್ಚಿಯನ್ಸ್ ಮಾರಾಯ್ರೆ! ಹಬ್ಬದ ದಿನ ಕೆಲಸವಾ?” ಎಂದು ಐರಿನ್ ಜೋರಾಗಿ ನಕ್ಕರು.

“ಮಮ್ಮಿ, ನಿಂಗೂ ಕ್ರಿಸ್‌ಮಸ್ ದಿನ ಆಸ್ಪತ್ರೆಯಲ್ಲಿ ಶಿಫ್ಟ್ ಉಂಟಲ್ಲ?” ಎಂದಳು ಮಗಳು.

ಜಾಲರಿ ಸೌಟು ಹಿಡಿದ ಕೈ ಹಾಗೇ ನಿಂತಿತು. ಎಣ್ಣೆಯಲ್ಲಿದ್ದ ಕಿಡಿಯೊ ಸೀಯತೊಡಗಿತು.