ಮೂರನೇ ತಿರುವಿನ ತಗ್ಗು

ನಮ್ಮಮ್ಮನನ್ನು ರೇಸ್ ಕಾರಿನ ಶೆಡ್ಡಿನಲ್ಲಿ ಎಲ್ಲರೂ ತಂತಿಯಮ್ಮ ಅನ್ನುತ್ತಿದ್ದರು. ಕಾರಿನ ವೈರು, ಸೆನ್ಸರು, ಓಟದ ಲೆಕ್ಕ ಬರೆದುಕೊಳ್ಳುವ ಪೆಟ್ಟಿಗೆ, ಎಲ್ಲ ಅವಳ ಸುಪರ್ದಿಯಲ್ಲಿತ್ತು. ಕಾರು ಓಡಿಸುತ್ತಿದ್ದವನು ನಾನು. ಇಪ್ಪತ್ನಾಲ್ಕು ವಯಸ್ಸು, ಮೈತುಂಬ ಜಂಬ. ಈಗ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ಆ ಜಂಬ ನೆನೆದು ನಗು ಬರುತ್ತದೆ. 

ಆ ವರ್ಷ ನಮ್ಮ ಕಾರು ಮೂರನೇ ತಿರುವಿನಲ್ಲಿ ಪ್ರತಿ ಸುತ್ತಿಗೂ ಹಿಂದೆ ಬೀಳುತ್ತಿತ್ತು. ಅಲ್ಲಿ ಎಂಜಿನ್ ಕೈಕೊಡುತ್ತಿದೆ ಎಂದು ನಾನು. ಇವನೇ ಪೆಡಲಿನಿಂದ ಕಾಲು ಎತ್ತುತ್ತಿದ್ದಾನೆ ಎಂದು ಎಂಜಿನ್ ಮೇಸ್ತ್ರಿ. ನಮ್ಮ ಜಗಳ ಕೇಳಿ ಕೇಳಿ ರೋಸಿಹೋದ ಯಜಮಾನರು, ಶನಿವಾರ ಕಾರು ಓಡಿಸಿ ನೋಡೋಣ, ತಪ್ಪು ಯಾರದೋ ಅವರು ಮನೆಗೆ ಹೋಗಲಿ ಅಂದುಬಿಟ್ಟರು. ಪೆಡಲನ್ನು ಎಲ್ಲಿ, ಎಷ್ಟು ಒತ್ತಿದ್ದೇನೆ ಎಂದು ತೋರಿಸುವ ಸೆನ್ಸರ್ ಬೇಕಾಯಿತು. ಅದನ್ನು ಆರಿಸುವ ಕೆಲಸ ಅಮ್ಮನ ಪಾಲಿಗೆ ಬಂತು.

ಅಡುಗೆಮನೆಯ ಮೇಜಿನ ಮೇಲೆ ಎರಡು ಸೆನ್ಸರ್ ಇಟ್ಟುಕೊಂಡು ಕೂತಳು. ಒಂದು ಹಳೆಯದು, ಒಳಗೆ ಲೋಹದ ನಾಲಿಗೆಯೊಂದು ಪಟ್ಟಿಯ ಮೇಲೆ ಉಜ್ಜುತ್ತ ಸರಿಯುವಂಥದ್ದು. ಇನ್ನೊಂದು ಅಯಸ್ಕಾಂತದ್ದು, ಅದರೊಳಗೆ ಒಂದಕ್ಕೊಂದು ತಾಗುವುದೇ ಇಲ್ಲ. ಹಳೆಯದನ್ನು ಮೀಟರಿಗೆ ಕಟ್ಟಿ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದಳು. ಮೀಟರಿನ ಮುಳ್ಳು ಸರ್ರನೆ ಕೆಳಗೆ ಬಿದ್ದು ಎದ್ದಿತು. ಅಯಸ್ಕಾಂತದ್ದನ್ನು ತಟ್ಟಿದಾಗ ಮುಳ್ಳು ಅಲುಗಲಿಲ್ಲ.

ಹಳೆಯದೇ ಇರಲಿ, ಪೆಡಲಿಗೆ ಸರಿಯಾಗಿ ಕೂರುತ್ತದೆ ಅಂದೆ ನಾನು, ಏನೂ ಅರಿಯದವನ ಹಾಗೆ. ಅಮ್ಮ ಕನ್ನಡಕದ ಮೇಲಿಂದ ನೋಡಿದಳು.

"ಇದನ್ನ ಹಾಕಿದ್ರೆ, ಕಾಗದದ ಮೇಲೆ ಗೆರೆ ಕೆಳಗೆ ಬಿದ್ದಾಗ ಸೆನ್ಸರೇ ಸರಿ ಇಲ್ಲ ಅಂತೀಯ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ನೀನು ಬಚಾವಾಗ್ತೀಯ, ಆ ಮೇಸ್ತ್ರಿ ಹೊಟ್ಟೆ ಮೇಲೆ ಹೊಡೆತ ಬೀಳುತ್ತೆ."

ಅಯಸ್ಕಾಂತದ್ದನ್ನೇ ಕಾರಿಗೆಂದು ಎತ್ತಿಟ್ಟಳು. ನಾನು ಹೆದರುತ್ತಿದ್ದದ್ದು ನಿಜ. ಆ ತಿರುವಿನ ಗೋಡೆ ಕಂಡೊಡನೆ ಕಾಲು ತಾನಾಗಿಯೇ ಮೇಲೇಳುತ್ತಿತ್ತು.

ಶನಿವಾರ ಹನ್ನೆರಡು ಸುತ್ತು ಓಡಿಸಿದೆ. ಪೆಟ್ಟಿಗೆಯಿಂದ ತೆಗೆದ ಕಾಗದದ ಗೆರೆಯಲ್ಲಿ ನಾನು ಕಾಲು ಎತ್ತಿದ ಹನ್ನೆರಡು ತಗ್ಗು, ಎಲ್ಲವೂ ಮೂರನೇ ತಿರುವಿನಲ್ಲೇ. ಮೇಸ್ತ್ರಿ ಉಳಿದ, ನಾನು ಹೊರಬಿದ್ದೆ. ಪುಣ್ಯಾತ್ಮ ನಗಲಿಲ್ಲ, ನಾನು ಹೊರಡುವಾಗ ಹೆಲ್ಮೆಟ್ ಒರೆಸಿ ಕೈಗೆ ಕೊಟ್ಟ.

ಅಮ್ಮ ಆ ಕಾಗದದ ಒಂದು ತುಂಡನ್ನು ಕತ್ತರಿಸಿ, ಮನೆಯಲ್ಲಿ ತಾನು ಕೆಲಸ ಮಾಡುವ ಮೇಜಿನೆದುರು ಗೋಡೆಗೆ ಅಂಟಿಸಿದಳು. ಹೆತ್ತ ತಾಯಿಯೇ ಮಗನ ಮಾನ ಹರಾಜು ಹಾಕಿದಳಲ್ಲ ಎಂದು ನನಗೆ ಕೆಟ್ಟ ಕೋಪ. ಮುಖ ಊದಿಸಿಕೊಂಡು ತಿಂಗಳುಗಟ್ಟಲೆ ಮಾತು ಬಿಟ್ಟೆ. ಅವಳು ಮಾತ್ರ ಹೊತ್ತು ಹೊತ್ತಿಗೆ ತಟ್ಟೆ ಇಟ್ಟು ಕರೆಯುತ್ತಿದ್ದಳು. ಆಮೇಲೆ ಕೋಪ ಹೋಯಿತು, ಕಾಗದ ಅಲ್ಲೇ ಉಳಿಯಿತು.

ಎಷ್ಟೋ ವರ್ಷಗಳ ಮೇಲೆ ಮನೆ ಬದಲಿಸುವಾಗ ಅದನ್ನು ಕಿತ್ತು ಎಸೆಯಲು ಕೈ ಹಾಕಿದೆ. ಅಷ್ಟು ಹೊತ್ತಿಗೆ ಅಮ್ಮನ ಕಣ್ಣು ಮಂಜಾಗಿತ್ತು. ಸದ್ದಿನಲ್ಲೇ ಗೊತ್ತುಮಾಡಿಕೊಂಡು ಬಂದು ನನ್ನ ಮಣಿಕಟ್ಟು ಹಿಡಿದಳು.

"ಬೇಡ ಕಣೋ. ಪ್ರತಿ ಸುತ್ತಿಗೂ ಟ್ರ್ಯಾಕಿನ ಬೇಲಿ ಹತ್ರ ಉಸಿರು ಹಿಡ್ಕೊಂಡು ನಿಂತಿರ್ತಿದ್ದೆ. ನೀನು ಜೀವಸಮೇತ ತಿರುಗಿ ಬಂದಿದ್ದು ಈ ತಗ್ಗಿನಿಂದಾನೇ."

ಹರಿಯದ ಹಾಗೆ ಮೂಲೆ ಮೂಲೆ ಬಿಡಿಸಿ ತೆಗೆದೆ. ಹೊಸ ಮನೆಯಲ್ಲಿ ಅವಳ ಕೈಗೆಟುಕುವ ಎತ್ತರಕ್ಕೆ ನಾನೇ ಅಂಟಿಸಿದೆ.