ಶನಿವಾರ ಹನ್ನೊಂದು ಗಂಟೆಯ ಎದೆಬಡಿತ

ಎನ್.ಆರ್. ಕಾಲೋನಿಯ ಶೈಲಜಮ್ಮನವರಿಗೆ ಐವತ್ತೆಂಟು ವರ್ಷ. ಆ ಮಾತನ್ನು ಅವರೆದುರು ಯಾರೂ ಎತ್ತುವುದಿಲ್ಲ. ಎತ್ತಿದರೆ ಅಲ್ಲೇ ಸೆರಗು ಸಿಕ್ಕಿಸಿ, ಮಂಡಿ ಬಗ್ಗಿಸದೆ, ಎರಡೂ ಅಂಗೈ ನೆಲಕ್ಕೆ ಊರಿ ತೋರಿಸುತ್ತಾರೆ. ಶನಿವಾರ ಬೆಳಿಗ್ಗೆ ಪಾರ್ಕಿನಲ್ಲಿ ಯೋಗ, ಸಂಜೆ ಲಾಲ್‌ಬಾಗಿನಲ್ಲಿ ಎರಡು ಸುತ್ತು ವಾಕಿಂಗ್, ಭಾನುವಾರ ಐದು ಕಿಲೋಮೀಟರ್ ಓಟ. ಸೀರೆಯ ಬೀರುವಿನಲ್ಲಿ ಒಂದು ಅರೆಯನ್ನು ಟ್ರ್ಯಾಕ್ ಪ್ಯಾಂಟಿಗೆ ಬಿಟ್ಟುಕೊಟ್ಟಾಗ ನಾದಿನಿಯರು ಬಾಯಿಗೆ ಸೆರಗಿಟ್ಟು ನಕ್ಕಿದ್ದರು. ಈಗ ಅವರೇ ಮಂಡಿನೋವಿಗೆ ಯಾವ ಆಸನ ಒಳ್ಳೆಯದು ಅಂತ ಫೋನ್ ಮಾಡುತ್ತಾರೆ.

ಇಷ್ಟು ಒಳ್ಳೆಯ ಹೆಂಗಸಿಗೆ ಅನುಮಾನದ ರೋಗವೊಂದು ಇಲ್ಲದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಸೊಪ್ಪಿನವಳು ಕಟ್ಟಿನ ಒಳಗೆ ಹುಲ್ಲು ಸೇರಿಸಿದ್ದಾಳೆ ಅಂತ ಬಿಚ್ಚಿ ನೋಡುತ್ತಾರೆ. ಯೋಗದ ಮೇಷ್ಟ್ರು ಹತ್ತು ಎಣಿಸುತ್ತೇನೆಂದು ಹೇಳಿ ಎಂಟಕ್ಕೇ ನಿಲ್ಲಿಸುತ್ತಾರೆ ಅಂತ ಕಣ್ಣು ಮುಚ್ಚಿದಲ್ಲೇ ತಾವೂ ಎಣಿಸುತ್ತಾರೆ. ಇನ್ನು ಗಂಡ ವೀರಭದ್ರಯ್ಯನವರ ವಿಷಯ ಬಿಡಿ, ಅವರ ಮೇಲೆ ಮೂವತ್ತನಾಲ್ಕು ವರ್ಷದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾವಲು ನಡೆದಿದೆ.

ಆದರೆ ಈ ಕಾವಲಿಗೆ ಒಂದು ನ್ಯಾಯವಾದ ಕಾರಣವೂ ಇತ್ತು. ನಗರ್ತಪೇಟೆಯಲ್ಲಿ ನೋಟ್‌ಬುಕ್ಕಿನ ಹೋಲ್‌ಸೇಲ್ ಅಂಗಡಿ ಇಟ್ಟಿರುವ ವೀರಭದ್ರಯ್ಯನವರಿಗೆ ಎರಡು ವರ್ಷದ ಹಿಂದೆ ಗಲ್ಲಾದ ಮುಂದೆ ಕೂತಿದ್ದಾಗಲೇ ಎದೆ ಹಿಡಿದುಕೊಂಡು, ಸ್ಟೆಂಟ್ ಹಾಕಿಸಬೇಕಾಯಿತು. ಆಪರೇಷನ್ ಥಿಯೇಟರಿನ ಬಾಗಿಲ ಹೊರಗೆ ಕೂತ ಆ ಎರಡು ಗಂಟೆಯನ್ನು ಶೈಲಜಮ್ಮ ಮರೆತಿಲ್ಲ. ಗಂಡ ಇಲ್ಲದ ಮನೆ ಹೇಗಿರುತ್ತದೆಂದು ಅವರು ಅವತ್ತು ನೋಡಿಬಿಟ್ಟಿದ್ದರು. ಇನ್ನೊಮ್ಮೆ ಆ ಬೆಂಚಿನ ಮೇಲೆ ಕೂರುವುದಿಲ್ಲ ಅಂತ ಶಪಥ ಮಾಡಿ, ಅದೇ ತಿಂಗಳು ಇಬ್ಬರಿಗೂ ಓಟದ ಷೂ ಕೊಂಡಿದ್ದರು.

ಗಂಡನನ್ನು ಓಡಿಸುವುದು ಮಾತ್ರ ಆಗಲಿಲ್ಲ. ಹಾಗಾಗಿ ಈ ಫೆಬ್ರವರಿಯಲ್ಲಿ ಹೆಜ್ಜೆ ಎಣಿಸುವ, ಎದೆಬಡಿತ ಅಳೆಯುವ ವಾಚೊಂದನ್ನು ತಂದು ಅವರ ಕೈಗೆ ಕಟ್ಟಿ, ಅದರ ವರದಿಯೆಲ್ಲ ತಮ್ಮ ಮೊಬೈಲಿಗೂ ಬರುವಂತೆ ಅಂಗಡಿಯವನ ಕೈಲೇ ಮಾಡಿಸಿಕೊಂಡರು. ಅವತ್ತಿನಿಂದ ಮನೆಯಲ್ಲಿ ಹೊಸ ಕಾನೂನು. ಹತ್ತು ಸಾವಿರ ಹೆಜ್ಜೆ ದಾಟಿದರೆ ಊಟಕ್ಕೆ ಅಕ್ಕಿ ರೊಟ್ಟಿ, ಮೇಲೆ ಬೆಣ್ಣೆ. ದಾಟದಿದ್ದರೆ ಉಪ್ಪಿಲ್ಲದ ಸೊಪ್ಪಿನ ಸಾರು. ಬೆಳಿಗ್ಗೆ ಇಷ್ಟಲಿಂಗ ಪೂಜೆಯ ಹೊತ್ತಿಗೆ ಮಾತ್ರ ವಾಚು ಬಿಚ್ಚಿಡಲು ಅನುಮತಿ. ದೇವರ ಕೆಲಸಕ್ಕೆ ಅಡ್ಡ ಬರುವಷ್ಟು ಕೆಟ್ಟವರಲ್ಲ ಶೈಲಜಮ್ಮ.

ಮೊದಲ ವಾರ ದಿನಾ ಸೊಪ್ಪಿನ ಸಾರೇ ಆಯಿತು. ಎರಡನೆಯ ವಾರದಿಂದ ಹೆಜ್ಜೆಗಳು ಏರತೊಡಗಿದವು. ಹನ್ನೆರಡು ಸಾವಿರ, ಹದಿನೈದು, ಒಂದು ದಿನ ಹತ್ತೊಂಬತ್ತು ಸಾವಿರ.

“ಅಂಗಡೀಲಿ ಓಡಾಟ ಜಾಸ್ತಿ ಕಣೆ ಶೈಲಾ,” ಅಂದರು ವೀರಭದ್ರಯ್ಯ, ರೊಟ್ಟಿ ಮುರಿಯುತ್ತ.

ಹಿಗ್ಗಿದ ಶೈಲಜಮ್ಮನಿಗೆ ತಿಂಗಳು ಕಳೆಯುವಷ್ಟರಲ್ಲಿ ಅನುಮಾನ ಶುರುವಾಯಿತು. ಇಷ್ಟು ನಡೆಯುವ ಮನುಷ್ಯನ ಹೊಟ್ಟೆ ಎಳ್ಳಷ್ಟೂ ಕರಗಿರಲಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಎದೆಬಡಿತದ್ದು. ವಾರವೆಲ್ಲ ಎಂಬತ್ತು, ತೊಂಬತ್ತರಲ್ಲಿರುವುದು ಶನಿವಾರ ಬೆಳಿಗ್ಗೆ ಹನ್ನೊಂದಾಗುತ್ತಲೇ ನೂರ ನಲವತ್ತಕ್ಕೆ ಹಾರುತ್ತಿತ್ತು. ಅರ್ಧ ಗಂಟೆ ಅಲ್ಲೇ ಎದ್ದುಬಿದ್ದು, ಆಮೇಲೆ ಇಳಿಯುತ್ತಿತ್ತು. ಒಂದು ಶನಿವಾರವಲ್ಲ, ಮೇ ಮುಗಿಯುವ ಹೊತ್ತಿಗೆ ಸಾಲಾಗಿ ಹನ್ನೆರಡು ಶನಿವಾರ.

ಮೇ ತಿಂಗಳ ಕೊನೆಯ ಶನಿವಾರ, ಯೋಗ ಮುಗಿಸಿ ಚಾಪೆ ಸುತ್ತುವಾಗ ಅವರು ಪಕ್ಕದ ಚಾಪೆಯ ತ್ರಿಪುರಸುಂದರಿಗೆ ಮೊಬೈಲ್ ತೋರಿಸಿದರು. ತ್ರಿಪುರಸುಂದರಿ ನಿವೃತ್ತ ಸ್ಕೂಲ್ ಮೇಡಂ. ಬೇರೆಯವರ ಮನೆಯ ವಿಷಯದಲ್ಲಿ ಇನ್ನೂ ನಿವೃತ್ತಿ ತಗೊಂಡಿಲ್ಲ.

“ವಾರಕ್ಕೊಂದು ಸಲ, ಅದೇ ಟೈಮಿಗೆ!” ಅಂದರು ಆಕೆ, ಕನ್ನಡಕ ಏರಿಸಿ. “ರೀ ಶೈಲಜಾ, ಅರವತ್ತು ದಾಟಿದ ಗಂಡಸಿನ ಎದೆ ಸುಮ್ಸುಮ್ನೆ ಹಿಂಗೆ ಹೊಡ್ಕೊಳಲ್ಲ. ಅಂಗಡಿ ಮೇಲ್ಗಡೆ ಯಾರಿದಾರೆ?”

“ಗೋಡೌನ್ ಇದೆ ಅಂತಾರೆ.”

“ಅಂತಾರೆ. ನೀವು ನೋಡಿದೀರಾ?”

ನೋಡಿರಲಿಲ್ಲ. ಆ ಕಿರಿದಾದ ಮೆಟ್ಟಿಲನ್ನು ಶೈಲಜಮ್ಮ ಒಂದು ದಿನವೂ ಹತ್ತಿರಲಿಲ್ಲ. ಅನುಮಾನಕ್ಕೆ ಕೈಕಾಲು ಬರಲು ಅಷ್ಟೇ ಸಾಕಾಯಿತು. ಮನೆಗೆ ಬಂದು ಹನ್ನೊಂದು ಗಂಟೆಗೆ ಮೊಬೈಲ್ ಹಿಡಿದು ಕೂತರು. ನೂರ ಇಪ್ಪತ್ತು. ನೂರ ಮೂವತ್ತೆಂಟು. ನೂರ ಐವತ್ತು. ಸಾರಿನ ಬೇಳೆ ತಳ ಹಿಡಿಯಿತು. ಸಂಜೆ ಲಾಲ್‌ಬಾಗಿನಲ್ಲಿ ಎರಡು ಸುತ್ತಿಗೆ ನಾಲ್ಕು ಸುತ್ತಾಯಿತು, ಆದರೂ ಹೊಟ್ಟೆಯ ಉರಿ ಇಳಿಯಲಿಲ್ಲ. ಬದುಕಿಸಿಕೊಂಡವಳು ನಾನು, ಈ ಎದೆ ಇನ್ಯಾರಿಗೋ ಬಡಿದುಕೊಳ್ಳುತ್ತದಲ್ಲ ಅಂತ ಕಲ್ಲುಬೆಂಚಿನ ಮೇಲೆ ಕೂತು ಅತ್ತೂಬಿಟ್ಟರು.

ಊಟಕ್ಕೆ ಕೂತಾಗ ತಣ್ಣಗೆ ಕೇಳಿದರು, “ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲಿದ್ರಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ವೀರಭದ್ರಯ್ಯನವರ ಕೈ ತಾನಾಗಿ ವಾಚಿನ ಮೇಲೆ ಹೋಯಿತು. “ಅಂಗಡೀಲೇ ಇದ್ದೆ. ಇನ್ನೆಲ್ಲಿರ್ತೀನಿ? ನಾಳೆನೂ ಹೋಗ್ಬೇಕು, ಸ್ಕೂಲು ಶುರುವಾಗೋ ಟೈಮು, ಲೋಡ್ ಬರುತ್ತೆ.”

ಭಾನುವಾರವೂ! ಶೈಲಜಮ್ಮ ಒಂದು ರೊಟ್ಟಿ ಜಾಸ್ತಿಯೇ ಬಡಿಸಿದರು. ವೀರಭದ್ರಯ್ಯ ಹೆದರಬೇಕಾಗಿದ್ದದ್ದು ಆ ರೊಟ್ಟಿಗೆ.

ಮರುದಿನ ಎಂಟು ಗಂಟೆಗೆ ಲಾಲ್‌ಬಾಗಿನ ಗೇಟಿನ ಹತ್ತಿರ ಓಟದ ಗುಂಪು ಕಾಲು ಕೊಡವಿಕೊಳ್ಳುತ್ತಿದ್ದಾಗ ಶೈಲಜಮ್ಮ ಮೊಬೈಲ್ ನೋಡಿದರು. ನೂರ ನಲವತ್ತೈದು. ಗುಂಪು ಒಳಕ್ಕೆ ತಿರುಗಿತು. ಇವರು ಹೊರಕ್ಕೆ ತಿರುಗಿದರು. ಮಾವಳ್ಳಿಯಲ್ಲಿ ತಿಂಡಿಗೆ ಕಾಯುತ್ತಿದ್ದ ಸಾಲನ್ನು ದಾಟಿ, ಜೆ.ಸಿ. ರಸ್ತೆ ಹಿಡಿದು, ಟೌನ್‌ಹಾಲ್ ಬಳಸಿ ಓಡಿದರು. ಇಷ್ಟು ಜೋರಾಗಿ ಅವರು ಯಾವತ್ತೂ ಓಡಿರಲಿಲ್ಲ. ನೂರ ಐವತ್ತೆಂಟು ಅಂದಿತು ಮೊಬೈಲ್. ಕಾರ್ಪೊರೇಷನ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಅವರಿಗೆ ಒಂದು ಕ್ಷಣ, ಸ್ಟೆಂಟ್ ಹಾಕಿದ ಎದೆ ಇಷ್ಟು ಹೊಡೆದುಕೊಳ್ಳಬಾರದಲ್ಲವಾ, ಅನ್ನಿಸಿತು. ಅನ್ನಿಸಿದ್ದನ್ನು ಸಿಟ್ಟು ನುಂಗಿತು. ಸಿಗ್ನಲ್ ಬಿಟ್ಟಿತು, ಓಡಿದರು.

ನಗರ್ತಪೇಟೆಯ ಬೀದಿಯಲ್ಲಿ ಅರ್ಧ ಅಂಗಡಿಗಳ ಬಾಗಿಲು ಮುಚ್ಚಿತ್ತು. ತಮ್ಮ ಅಂಗಡಿಯ ಮುಂದೆ ಅರ್ಧ ಇಳಿಸಿದ ಟೆಂಪೋ. ಒಳಗೆ ವೀರಭದ್ರಯ್ಯ ಫ್ಯಾನಿನ ಕೆಳಗೆ ಕೂತು, ಬಾಳೆಲೆಯ ಪೊಟ್ಟಣ ಬಿಚ್ಚಿ, ಖಾಲಿ ದೋಸೆಯನ್ನು ಸಾಗುವಿನಲ್ಲಿ ಅದ್ದುತ್ತಿದ್ದರು. ಮುಖದಲ್ಲಿ ಪರಮ ಶಾಂತಿ.

ಶೈಲಜಮ್ಮ ಮೊಬೈಲ್ ನೋಡಿದರು. ನೂರ ಅರವತ್ತೈದು. ಗಂಡನ ಕೈ ನೋಡಿದರು. ಮಣಿಕಟ್ಟು ಬರಿದಾಗಿತ್ತು.

“ವಾಚೆಲ್ರೀ?”

ವೀರಭದ್ರಯ್ಯನವರ ಬಾಯಲ್ಲಿದ್ದ ದೋಸೆ ಅಲ್ಲೇ ನಿಂತಿತು. ಕಣ್ಣು ಮಾತ್ರ ಮೆಟ್ಟಿಲ ಕಡೆ ಹೋಯಿತು.

ಶೈಲಜಮ್ಮ ಆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಮೇಲೆ ಯಾವ ಹೆಂಗಸು ಸಿಕ್ಕರೆ ಯಾವ ಮಾತು ಅನ್ನಬೇಕು ಅನ್ನುವುದನ್ನು ಟೌನ್‌ಹಾಲಿನಿಂದಲೇ ಜೋಡಿಸಿಕೊಂಡು ಬಂದಿದ್ದರು. ಎರಡನೆಯ ತಿರುವಿನಲ್ಲಿ ಕಾಗದದ ಬಂಡಲ್ ಒಂದು ಅಡ್ಡ ಬಿದ್ದಿತ್ತು. ಅದಕ್ಕೆ ಒರಗಿ ಅಂಗಡಿಯ ಹಮಾಲಿ ಮುನಿರಾಮಪ್ಪ ಕೂತಿದ್ದ. ಅರವತ್ತರ ಮನುಷ್ಯ, ಇಪ್ಪತ್ತು ವರ್ಷದಿಂದ ಅಲ್ಲೇ ಹೊರೆ ಹೊರುವವನು. ತಲೆಯ ಟವೆಲ್ಲು ಜಾರಿತ್ತು, ಮುಖ ಬೆವರಿನಲ್ಲಿ ತೊಯ್ದಿತ್ತು. ಎದೆಯನ್ನು ಅದುಮಿಕೊಂಡಿದ್ದ ಕೈಯಲ್ಲಿ ವಾಚು ಇತ್ತು.

“ಅಮ್ಮಾ,” ಅಂದ ಅವನು, ಏಳಲು ನೋಡಿ ಆಗದೆ. “ಯಜಮಾನ್ರನ್ನ ಬೈಬ್ಯಾಡಿ. ಪೂಜೆಗೆ ಬಿಚ್ಚಿದ್ದನ್ನ ಜೇಬಲ್ಲಿ ಹಾಕ್ಕಂಡ್ ಬಂದಿದ್ರು. ಕೊಡಿ, ದಿನಾ ಸಂಜೆಗಂಟ ನಾನೇ ಕಟ್ಕಂತೀನಿ ಅಂದೆ. ಪಾಪ, ಒಂದು ರೊಟ್ಟಿ ಆಸೆ...”

“ಮಾತಾಡ್ಬೇಡ ಮುನಿರಾಮಪ್ಪ. ಉಸಿರು ತಗೋ,” ಅಂದರು ಶೈಲಜಮ್ಮ. ಜೋಡಿಸಿಟ್ಟಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

ಟೆಂಪೋದವನೂ ವೀರಭದ್ರಯ್ಯನವರೂ ಸೇರಿ ಮುನಿರಾಮಪ್ಪನನ್ನು ಕೆಳಗಿಳಿಸಿದರು. ಆಟೋದಲ್ಲಿ ಅವನ ತಲೆ ಶೈಲಜಮ್ಮನವರ ಹೆಗಲ ಮೇಲಿತ್ತು. ವೀರಭದ್ರಯ್ಯ ಮುಂದೆ ಡ್ರೈವರಿನ ಪಕ್ಕ ಅರ್ಧ ಸೀಟಿನಲ್ಲಿ ತೂಗಾಡುತ್ತ, ತಿರುಗಿ ತಿರುಗಿ ನೋಡುತ್ತಿದ್ದರು. ದೋಸೆಯ ಎಣ್ಣೆ ಇನ್ನೂ ಅವರ ಬೆರಳಲ್ಲಿತ್ತು. ಒರೆಸಿಕೊಳ್ಳಲೂ ಅವರಿಗೆ ತೋಚಲಿಲ್ಲ.

ಆಸ್ಪತ್ರೆಯಲ್ಲಿ ಒಳಗೆ ಕರೆದುಕೊಂಡು ಹೋದ ಮೇಲೆ ಸಣ್ಣ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು, “ಸದ್ಯಕ್ಕೆ ಪ್ರಾಣಕ್ಕೇನೂ ಭಯ ಇಲ್ಲ. ಆದ್ರೆ ಹಾರ್ಟ್ ತುಂಬಾ ಸುಸ್ತಾಗಿದೆ. ಇವ್ರಿಗೆ ಹಿಂಗೆ ಮುಂಚೆನೂ ಆಗಿತ್ತಾ?” ಎಂದು ಕೇಳಿದರು.

ವೀರಭದ್ರಯ್ಯ ಗೊತ್ತಿಲ್ಲವೆಂದು ತಲೆಯಾಡಿಸಿದರು. ಶೈಲಜಮ್ಮ ಮೊಬೈಲ್ ತೆಗೆದು ಕೊಟ್ಟರು. ಡಾಕ್ಟರಮ್ಮ ಬೆರಳಾಡಿಸುತ್ತ ಹೋದರು. ಮಾರ್ಚ್, ಏಪ್ರಿಲ್, ಮೇ. ಲೋಡ್ ಬರುವ ಒಂದೊಂದು ಶನಿವಾರವೂ ಅಲ್ಲಿತ್ತು.

“ಇಷ್ಟು ಕ್ಲಿಯರಾಗಿದ್ಯಲ್ಲ! ಯಾರೂ ನೋಡ್ಲಿಲ್ವಾ ಇದನ್ನ?”

“ನಾನು ನೋಡ್ತಿದ್ದೆ,” ಅಂದರು ಶೈಲಜಮ್ಮ.

ಗಂಡ ಹೆಂಡತಿ ಒಂದೇ ಬೆಂಚಿನ ಮೇಲೆ ಕೂತರು. ವೀರಭದ್ರಯ್ಯ ಏನೋ ಹೇಳಲು ಹೋದರು. ಶೈಲಜಮ್ಮ ಕೈಯೆತ್ತಿ ತಡೆದರು. ಬೈಯಲು ಬಾಯಿ ಇರಲಿಲ್ಲ. ಸುಳ್ಳು ಅವರದ್ದಾದರೆ, ನೋಡಿಯೂ ತಿಳಿಯದ ಕಣ್ಣು ತಮ್ಮದು.

ಒಂದು ಗಂಟೆಯಲ್ಲಿ ಮುನಿರಾಮಪ್ಪನ ಹೆಂಡತಿ ನರಸಮ್ಮ ಬಂದಳು. ಕೆಲಸದ ಮನೆಯಿಂದ ಹಾಗೇ ಓಡಿ ಬಂದಿದ್ದಳು, ಸೆರಗಿನ ತುದಿ ಒದ್ದೆಯಿತ್ತು. ಒಳಗೆ ಹೋಗಿ ಗಂಡನ ಮುಖ ನೋಡಿಕೊಂಡು ಬಂದವಳೇ ಶೈಲಜಮ್ಮನ ಎರಡೂ ಕೈ ಹಿಡಿದುಕೊಂಡಳು.

“ನಮ್ ಪಾಲಿನ್ ದೇವ್ರು ಕಣಮ್ಮಾ ನೀವು. ಎಲ್ಲಿಂದ್ಲೋ ಓಡ್ಕಂಡ್ ಬಂದ್ರಂತೆ. ನಂಗೇ ಹೇಳ್ದೆ ಇದ್ದಿದ್ದು ನಿಮ್ಗೆ ಹೆಂಗಮ್ಮಾ ಗೊತ್ತಾಯ್ತು?”

“ಮೂರು ತಿಂಗಳಿಂದ ಗೊತ್ತಿತ್ತು ನರಸಮ್ಮ,” ಅಂದರು ಶೈಲಜಮ್ಮ. “ನಾನು ಬೇರೆ ಏನೋ ಅನ್ಕೊಂಡಿದ್ದೆ.”

“ಬೇರೆ ಅಂದ್ರೆ? ಏನನ್ಕಂಡಿದ್ರಮ್ಮಾ?”

ನರಸಮ್ಮ ಕೈ ಬಿಡದೆ, ಉತ್ತರಕ್ಕೆ ಕಾಯುತ್ತ ಮುಖ ನೋಡುತ್ತ ನಿಂತಳು.