ಪ್ರಾಜೆಕ್ಟಿಗೆ ಹಚ್ಚಿದ ಅರಿಶಿನ

ಪ್ರತಿ ಶನಿವಾರ ‘ಈ ವಾರ ನಾನು ಕಲಿತದ್ದು’ ಎಂದು ಬರೆದು ಕಾಲೇಜಿನ ಪೋರ್ಟಲಿಗೆ ಹಾಕಬೇಕು ಎಂಬುದು ನಮ್ಮ ಕೊನೆಯ ವರ್ಷದ ನಿಯಮ. ಮೊದಲ ವಾರ ನಿಜವನ್ನೇ ಬರೆದೆ: ಏನೂ ಕಲಿಯಲಿಲ್ಲ. ‘ಗುಡ್, ಕೀಪ್ ಇಟ್ ಅಪ್’ ಎಂದು ಗೈಡ್ ಸರ್ ಉತ್ತರ ಕೊಟ್ಟರು. ಅಜ್ಜನ ತಿಥಿಗೆ ರಜೆ ಕೇಳಿದ ಹುಡುಗನಿಗೂ ಅದೇ ಉತ್ತರ ಬಂದಿತ್ತು ಎಂದು ಆಮೇಲೆ ಗೊತ್ತಾಯಿತು.

ಪ್ರಾಜೆಕ್ಟಿನ ವಿಷಯದಲ್ಲಿ ಮಾತ್ರ ಅವರು ಬಿಗಿ. ಅರ್ಧ ಕ್ಲಾಸು ಮುಖ ನೋಡಿ ಹಾಜರಿ ಹಾಕುವ ಯಂತ್ರ ಮಾಡುತ್ತೇವೆಂದು ಹೊರಟಿತ್ತು. ಕ್ಲಾಸಿಗೇ ಬಾರದವರಿಗೆ ಅದರ ಮೇಲೆ ಪ್ರೀತಿ ಜಾಸ್ತಿ. “ಊರಿನದ್ದೇನಾದರೂ ಮಾಡ್ರಿ” ಎಂದು ಸರ್ ಗದರಿದಾಗ ನಾನು ಎದ್ದು ನಿಂತು, ಅಜ್ಜಿಯ ಹಾಡು ಕೇಳಿ ತಾನೇ ಬರೆದುಕೊಳ್ಳುವ ಕಂಪ್ಯೂಟರ್ ಎಂದುಬಿಟ್ಟೆ. “ಡೇಟಾ ಎಲ್ಲಿದೆ?” ಎಂದರು. “ಮನೆಯಲ್ಲೇ ಇದೆ ಸರ್” ಎಂದೆ. ಡೇಟಾ ಆ ಹೊತ್ತಿಗೆ ಮಾವಳ್ಳಿಯ ನಮ್ಮ ಅಂಗಳದಲ್ಲಿ ಕೂತು ಹರಿವೆ ಸೊಪ್ಪು ಕಟ್ಟುತ್ತಿತ್ತು.

ಪ್ರಾಜೆಕ್ಟ್ ಚೆನ್ನಾಗಿ ಮುಗಿಸಿದರೆ ಎಂ.ಟೆಕ್. ಓದಿಸುತ್ತೇನೆ, ಅಲ್ಲಿಯ ತನಕ ಮದುವೆಯ ಸುದ್ದಿ ಎತ್ತುವುದಿಲ್ಲ ಎಂದು ಅಪ್ಪ ಮಾತು ಕೊಟ್ಟಿದ್ದ. ಅಮ್ಮ ಆ ಮಾತನ್ನು ಕೇಳಿಸಿಕೊಂಡಿದ್ದಳು, ಅಷ್ಟೇ. ಒಪ್ಪಿರಲಿಲ್ಲ.

ಅಜ್ಜಿಯೂ ಸುಲಭಕ್ಕೆ ಬಗ್ಗಲಿಲ್ಲ. ನಟ್ಟಿ ಹಾಡು ಹೇಳು ಎಂದರೆ, “ಒಣಗಿದ ಗದ್ದೆ ನೋಡ್ತಾ ನಟ್ಟಿ ಹಾಡು ಹೇಳೂಕೆ ನಂಗೆ ಮರ್ಲನೆ?” ಎಂದಳು. ಮದುವೆ ಹಾಡಾದರೂ ಹೇಳು ಎಂದೆ. “ಮದುಮಗಳು ಎಲ್ಲಿ? ಎದ್ರಿಗೆ ಮದುಮಗಳು ಇಲ್ದೆ ಬಾಯಿಗೆ ಹಾಡು ಬರೂದಿಲ್ಲ.”

ಡೇಟಾ ಬೇಕಿತ್ತು. ನಾನೇ ಮಣೆಯ ಮೇಲೆ ಕೂತೆ, ಮಡಿಲಲ್ಲಿ ಮೊಬೈಲು. ಅಜ್ಜಿ ಕೆನ್ನೆಗೆ ಅರಿಶಿನ ಹಚ್ಚಿ ಅರಿಶಿನದ ಹಾಡು ಎತ್ತಿದಳು. ಸೊಲ್ಲು ತೆಗೆದುಕೊಂಡು ಹಿಂದಿನಿಂದ ಹಾಡಲು ಇನ್ನೊಬ್ಬಳು ಬೇಕೆಂದು ಪಕ್ಕದ ಮನೆಯ ದೊಡ್ಡಮ್ಮನನ್ನೂ ಕರೆಸಿದಳು. ಒಂದು ಗಂಟೆಯ ಚೊಕ್ಕ ರೆಕಾರ್ಡಿಂಗ್! ‘ಈ ವಾರ ಡೇಟಾ ಸಂಗ್ರಹ ಯಶಸ್ವಿ’ ಎಂದು ಪೋರ್ಟಲಿಗೆ ಹಾಕಿದೆ.

ದೊಡ್ಡಮ್ಮನ ಬಾಯಿ ಪೋರ್ಟಲಿಗಿಂತ ಚುರುಕು. ಸೋಮವಾರ ಭಟ್ಕಳದ ಬಸ್ಸಿನಲ್ಲಿ ಕಂಡಕ್ಟರನೇ ನನ್ನ ಹಳದಿ ಕೆನ್ನೆ ನೋಡಿ, “ಗಂಡು ಎಲ್ಲಾಯ್ತು?” ಎಂದು ಕೇಳಿದ. ಪ್ರಾಜೆಕ್ಟಿಗೆ ಹಚ್ಚಿದ್ದು ಎಂದರೆ ನಂಬುವವರು ಯಾರು? ವಾರ ಮುಗಿಯುವುದರೊಳಗೆ ಕುಮಟೆಯಿಂದ ಗಂಡೇ ಬಂತು, ಜತೆಗೆ ಅವನ ತಾಯಿ ಮತ್ತು ಸೋದರಮಾವ. ಅರಿಶಿನ ಹಚ್ಚಿಯೂ ಮದುವೆಯಾಗಿಲ್ಲ ಎಂದರೆ ಬೇರೆ ಕಡೆ ನಿಶ್ಚಯವಾಗಿದ್ದು ಮುರಿದಿರಬೇಕು ಎಂದು ಅವರೇ ಊಹಿಸಿಕೊಂಡು, ಕನಿಕರದಿಂದ ಬಂದಿದ್ದರು!

ಅಮ್ಮ ಅವಲಕ್ಕಿ ಕಲೆಸಿದಳು. ಗಂಡಿನ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಓದು ಮದ್ವೆ ಆದ್ಮೇಲೂ ಆಗ್ತದೆ. ಅರಿಶಿನ ಒಮ್ಮೆ ಹಚ್ಚಿದ್ಮೇಲೆ ಹುಡುಗಿನ ಹಾಗೇ ಬಿಡೂಕೆ ಆಗೂದಿಲ್ಲ” ಎಂದರು. ಅಮ್ಮ ತಲೆಯಾಡಿಸಿದಳು. ಕೊಟ್ಟ ಮಾತಿಗೆ ತಪ್ಪದ ನನ್ನ ಅಪ್ಪ ಛಾವಣಿಯ ಹಂಚು ಎಣಿಸುತ್ತಿದ್ದ. ಓದು ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಅಪ್ಪನ ಮೇಲೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಆಗ ಒಳಗಿದ್ದ ಅಜ್ಜಿ ಹೊರಗೆ ಬಂದಳು.

“ಅರಿಶಿನ ಹಚ್ದೋಳು ಯಾರು? ನಾನು. ತೊಳಿಯೋಳೂ ನಾನೇ. ಅಲ್ಲಿಗೆ ಆತು” ಎಂದವಳೇ ನನ್ನ ಕೈ ಹಿಡಿದು ಬಾವಿಕಟ್ಟೆಗೆ ಎಳೆದೊಯ್ದಳು. ಬಂದವರು ಅವಲಕ್ಕಿಯ ತಟ್ಟೆ ಹಿಡಿದುಕೊಂಡೇ ಜಗಲಿಯ ತುದಿಗೆ ಬಂದು ನಿಂತರು.

ಅರಿಶಿನ ಹೋಗಿ ನಾಲ್ಕು ದಿನವಾಗಿತ್ತು. ಕೆನ್ನೆಯಲ್ಲಿ ಏನೂ ಇರಲಿಲ್ಲ. ಆದರೂ ಅಜ್ಜಿ ಒಂದು ಕೊಡ ನೀರು ಸುರಿದು, ಸೀಗೆ ಪುಡಿ ಹಾಕಿ, ಉರಿಯುವ ಹಾಗೆ ತಿಕ್ಕಿದಳು. ಕುಮಟೆಯವರು ಹೊರಟದ್ದು, ಗೇಟು ಕಿರುಗುಟ್ಟಿದ್ದು ಕೇಳಿಸಿತು. ಅಜ್ಜಿ ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಸಾಕೇ ಅಜ್ಜಿ, ಅವ್ರು ಹೋದ್ರು” ಎಂದೆ.

“ಇರು” ಎಂದಳು. “ನಂಗೆ ಹಚ್ದಾಗ ತೊಳಿಯೂಕೆ ಯಾರೂ ಇರ್ಲಿಲ್ಲ.”